ಅರಿಶಿನದ ಹೊಳಪು ದಾಟಿ: ಟಿಎಲ್‌ಸಿ ಪ್ಲೇಟಿನ ಮೇಲೆ ರಾಮನ್ ಯಂತ್ರ ಕೂರಿಸಿದ್ದು

ಅರಿಶಿನ ಪುಡಿಗೆ ಬೆರೆಸುವ ಕಳ್ಳ ಬಣ್ಣಗಳಲ್ಲಿ ಮುಖ್ಯವಾದವು ಎರಡು. ಒಂದು ಮೆಟಾನಿಲ್ ಯೆಲ್ಲೊ, ಬಟ್ಟೆಗೂ ಚರ್ಮಕ್ಕೂ ಹಾಕುವ ಬಣ್ಣ. ಇನ್ನೊಂದು ಲೆಡ್ ಕ್ರೋಮೇಟ್, ಪೇಂಟಿನಲ್ಲಿ ಬಳಸುತ್ತಿದ್ದ ಹಳದಿ ಪುಡಿ. ಅದರಲ್ಲಿ ಸೀಸವೂ ಇದೆ, ಕ್ರೋಮಿಯಮ್ಮೂ ಇದೆ. ಇವೆರಡನ್ನೂ ಸಿಲಿಕಾ ಬಳಿದ ಒಂದೇ ಪ್ಲೇಟಿನ (ಟಿಎಲ್‌ಸಿ) ಮೇಲೆ, ಲೇಸರ್ ಬೆಳಕು ಬಿಟ್ಟು (ರಾಮನ್) ಹೆಸರು ಹಿಡಿದು ಗುರುತಿಸುವ ಯಂತ್ರವೊಂದನ್ನು ರಬಕವಿಯ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಟ್ಟಿದ್ದೇವೆ. ಹೇಗೆ ಕಟ್ಟಿದೆವು, ಎಲ್ಲಿ ಸಿಕ್ಕಿಕೊಂಡೆವು, ಈಗ ಏನು ಕಾಣಿಸುತ್ತಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನ ಕಾಲೇಜಿನವರು ಯಾರಾದರೂ ಮಾಡಿ ನೋಡಲಿ ಅನ್ನುವ ಆಸೆ ನನಗಿದೆ.

ಅರಿಶಿನವೇ ಯಾಕೆ ಅಂದರೆ, ನಮ್ಮ ಸುತ್ತ ಅದೇ ಇದೆ. ರಬಕವಿ-ಬನಹಟ್ಟಿ, ತೇರದಾಳ, ಮಹಾಲಿಂಗಪುರ, ಆಚೆ ಬೆಳಗಾವಿ ಜಿಲ್ಲೆಯ ರಾಯಬಾಗದವರೆಗೆ ಕಬ್ಬಿನ ಪಕ್ಕದಲ್ಲೇ ಅರಿಶಿನದ ಹೊಲಗಳು. ಗಡ್ಡೆ ಕಿತ್ತು, ಕುದಿಸಿ, ಬಿಸಿಲಿಗೆ ಹರವಿ, ಡ್ರಮ್ಮಿನಲ್ಲಿ ತಿರುಗಿಸಿ ಪಾಲಿಶ್ ಮಾಡಿ ಮಾರುತ್ತಾರೆ. ಬಹಳಷ್ಟು ಮಾಲು ಸಾಂಗ್ಲಿ ಪೇಟೆಗೆ ಹೋಗುತ್ತದೆ. ಪಾಲಿಶ್ ಮಾಡುವಾಗಲೇ ಬಣ್ಣ ಸೇರಿಸುವ ಚಾಳಿ ಕೆಲವು ಕಡೆ ಇದೆ. ಬಾಂಗ್ಲಾದೇಶದಲ್ಲಿ ಜನರ ರಕ್ತದಲ್ಲಿ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿದ ಸಂಶೋಧಕರು, 2019ರಲ್ಲಿ, ಬಣ್ಣ ಹಾಕಿದ ಅರಿಶಿನದ ಕಡೆಗೇ ಬೆರಳು ತೋರಿಸಿದ್ದರು. ತೇರದಾಳದ ಹತ್ತಿರ ಅರಿಶಿನ ಬೆಳೆಯುವ ನಮ್ಮ ಸೋದರಮಾವ ಒಮ್ಮೆ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ: "ನಮ್ಮ ಮಾಲಿಗೆ ಹೊಳಪು ಕಡಿಮಿ ಅಂತ ರೇಟ್ ಮುರೀತಾರ. ಆ ಹೊಳಪು ಎಲ್ಲಿಂದ ಬಂತು ಅಂತ ಒಬ್ಬಾಂವನೂ ಕೇಳಂಗಿಲ್ಲ ನೋಡು." ಕೇಳುವುದಕ್ಕೆ ಒಂದು ದಾರಿ ಬೇಕಲ್ವಾ? ಅದಕ್ಕೇ ಈ ಕೆಲಸ.

ಮೊದಲು, ಇರುವ ದಾರಿಗಳು ಯಾಕೆ ಸಾಲುವುದಿಲ್ಲ ಅಂತ ನೋಡೋಣ. ಪುಡಿಗೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದಾಗ ಗುಲಾಬಿ-ನೇರಳೆ ಬಣ್ಣ ಬಂದರೆ ಮೆಟಾನಿಲ್ ಯೆಲ್ಲೊ ಇದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಆದರೆ ಆಸಿಡ್ ಗಟ್ಟಿಯಾಗಿದ್ದರೆ ಅರಿಶಿನದ ಸ್ವಂತ ಬಣ್ಣವಾದ ಕರ್ಕ್ಯುಮಿನ್ ಕೂಡ ಕೆಂಪಗಾಗುತ್ತದೆ. ನೀರು ಹಾಕಿದಾಗ ಅದು ಮತ್ತೆ ಹಳದಿಗೆ ತಿರುಗುತ್ತದೆ, ಮೆಟಾನಿಲ್ ಅಷ್ಟು ಬೇಗ ತಿರುಗುವುದಿಲ್ಲ. ಬೆರಕೆ ಕಡಿಮೆ ಇದ್ದಾಗ ಈ ವ್ಯತ್ಯಾಸ ಕಣ್ಣಿಗೆ ಹತ್ತುವುದು ಕಷ್ಟ. ಮೆಟಾನಿಲ್ಲಿನದೇ ರಾಸಾಯನಿಕ ಜಾತಿಯ ಬೇರೆ ಬಣ್ಣಗಳೂ (ಅಜೋ ಬಣ್ಣಗಳು) ಆಸಿಡ್‌ಗೆ ಕೆಂಪಾಗುತ್ತವೆ, ಮೀಥೈಲ್ ಆರೆಂಜನ್ನು ಪಿಯುಸಿ ಲ್ಯಾಬಿನಲ್ಲೇ ನೋಡಿರುತ್ತೀರಿ. ಲೆಡ್ ಕ್ರೋಮೇಟಿಗಂತೂ ಈ ಪರೀಕ್ಷೆ ಉಪಯೋಗಕ್ಕೇ ಬರುವುದಿಲ್ಲ.

ಹಾಗಾದರೆ ರಾಮನ್? ಲೇಸರ್ ಬೆಳಕು ಅಣುವಿಗೆ ಬಡಿದು ಚದುರುವಾಗ, ಒಂದು ಚೂರು ಬೆಳಕು ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಅನ್ನುವುದು ಆ ಅಣು ಹೇಗೆ ಅಲುಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಒಂದೊಂದು ಪದಾರ್ಥಕ್ಕೂ ಅದರದೇ ಗೆರೆಗಳು. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರಲ್ಲಿ ಕಲ್ಕತ್ತೆಯಲ್ಲಿ ಇದನ್ನು ಕಂಡರು. ಮೊದಮೊದಲು ಅವರ ಬಳಿ ಇದ್ದದ್ದು ಬಿಸಿಲು, ಬಣ್ಣದ ಫಿಲ್ಟರುಗಳು ಮತ್ತು ಕಣ್ಣು. ಆ ಸರಳತೆಯೇ ನಮ್ಮಂಥವರಿಗೆ ಧೈರ್ಯ. ತೊಂದರೆ ಏನೆಂದರೆ, ಹೀಗೆ ಬದಲಾಗಿ ಬರುವ ಬೆಳಕು ಸುಮಾರು ಕೋಟಿಯಲ್ಲಿ ಒಂದು ಪಾಲು. ಅರಿಶಿನ ಪುಡಿಯ ಮೇಲೆ ಹಸಿರು ಲೇಸರ್ ಬಿಟ್ಟರೆ ಪುಡಿಯೇ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಅದು ಫ್ಲೋರೆಸೆನ್ಸ್. ಆ ಹೊಳಪಿನಲ್ಲಿ ರಾಮನ್ ಗೆರೆಗಳು ಮುಳುಗಿಹೋಗುತ್ತವೆ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಕೇಳುವ ಪ್ರಶ್ನೆ ಇದೇ: "ಆ ಹೊಳಪನ್ನ ಕಂಪ್ಯೂಟರ್‌ನಲ್ಲಿ ಕಳೆದುಬಿಟ್ರೆ ಆಯ್ತಲ್ರಿ ಸರ?" ಕಳೆಯಬಹುದು. ಆದರೆ ಹೊಳಪಿನ ಜೊತೆ ಬಂದ ಗದ್ದಲ ಹೋಗುವುದಿಲ್ಲ. ಬೆಳಕು ಕಣಕಣವಾಗಿ ಬರುವುದರಿಂದ, ಕ್ಯಾಮೆರಾದ ಒಂದು ಜಾಗದಲ್ಲಿ ಹೊಳಪಿನಿಂದ 10,000 ಕಣ ಬಿದ್ದರೆ, ಪ್ರತಿ ಸಲ ಅದು ಸುಮಾರು 100ರಷ್ಟು ಹೆಚ್ಚುಕಡಿಮೆ ಆಗುತ್ತದೆ. ನಾವು ಹುಡುಕುವ ಗೆರೆ 50 ಕಣದ್ದಾಗಿದ್ದರೆ ಅದು ಆ ಏರಿಳಿತದಲ್ಲೇ ಕಳೆದುಹೋಯಿತು. ಸರಾಸರಿ ಹೊಳಪನ್ನು ಎಷ್ಟು ನಾಜೂಕಾಗಿ ಕಳೆದರೂ ಏರಿಳಿತ ಅಲ್ಲೇ ಇರುತ್ತದೆ. ಅಂದರೆ ಹೊಳೆಯುವ ವಸ್ತುವನ್ನು ಅಳತೆಗೆ ಮುಂಚೆಯೇ ಆ ಜಾಗದಿಂದ ದೂರ ಕಳಿಸಬೇಕು.

ಇನ್ನೊಂದು ದಾರಿ 1064 ನ್ಯಾನೊಮೀಟರಿನ ಇನ್‌ಫ್ರಾರೆಡ್ ಲೇಸರ್. ಅದರಡಿ ಅರಿಶಿನ ಅಷ್ಟು ಹೊಳೆಯುವುದಿಲ್ಲ. ಆದರೆ ಚದುರುವ ಬೆಳಕು ತರಂಗದ ಉದ್ದದ ನಾಲ್ಕನೇ ಘಾತದಷ್ಟು ಇಳಿಯುತ್ತದೆ. ಹಸಿರು ಲೇಸರಿನ 532 ನ್ಯಾನೊಮೀಟರಿನಿಂದ 1064ಕ್ಕೆ ಹೋದರೆ ಅಲ್ಲಿಗೇ 16 ಪಟ್ಟು ಕಡಿಮೆ. ಅದನ್ನು ನೋಡಲು ಸಾಧಾರಣ ಕ್ಯಾಮೆರಾ ಆಗುವುದಿಲ್ಲ, ದುಬಾರಿ ಡಿಟೆಕ್ಟರ್ ಬೇಕು. ತಾಲೂಕು ಊರಿನ ಕಾಲೇಜಿಗೆ ಅದು ನಿಲುಕದ ಮಾತು.

ದೂರ ಕಳಿಸುವ ಕೆಲಸಕ್ಕೆ ಕ್ರೊಮ್ಯಾಟೋಗ್ರಫಿ ಇದ್ದೇ ಇದೆ. ತೆಳುಪದರದ ಪ್ಲೇಟು, ಅಂದರೆ ಟಿಎಲ್‌ಸಿ. ಅಲ್ಯೂಮಿನಿಯಂ ಹಾಳೆಯ ಮೇಲೆ ಸಿಲಿಕಾ ಪುಡಿ ಬಳಿದಿರುತ್ತದೆ. ಕೆಳಗೆ ಚುಕ್ಕೆ ಇಟ್ಟು ದ್ರಾವಕದಲ್ಲಿ ನಿಲ್ಲಿಸಿದರೆ ದ್ರಾವಕ ಮೇಲೇರುತ್ತದೆ, ಒಂದೊಂದು ಪದಾರ್ಥ ಒಂದೊಂದು ವೇಗದಲ್ಲಿ ಅದರ ಜೊತೆ ಹೋಗುತ್ತದೆ. ಹೆಸರು ಹೇಳುವುದರಲ್ಲಿ ಇದು ಸೋಲುತ್ತದೆ. ಎರಡು ಹಳದಿ ಚುಕ್ಕೆ ಒಂದೇ ಎತ್ತರಕ್ಕೆ ಏರಿದರೆ ಎರಡೂ ಒಂದೇ ಅಂತ ಹೇಳಲಾಗುವುದಿಲ್ಲ. ಆದರೆ ಚುಕ್ಕೆ ಏರಿದ ಮೇಲೆ ಅಲ್ಲೇ ನಿಲ್ಲುತ್ತದೆ, ಇದೇ ದೊಡ್ಡ ಅನುಕೂಲ. ಪುಡಿ ತುಂಬಿದ ಕೊಳವೆಯಿಂದ (ಕಾಲಮ್) ಹರಿದು ಬರುವ ದ್ರಾವಣಕ್ಕೆ ರಾಮನ್ ಹಿಡಿಯುವವರೂ ಇದ್ದಾರೆ, ಆದರೆ ಅಲ್ಲಿ ಪದಾರ್ಥ ಕೆಲವೇ ಸೆಕೆಂಡಿನಲ್ಲಿ ದಾಟಿಹೋಗುತ್ತದೆ. ಪ್ಲೇಟಿನ ಮೇಲೆ ನಿಂತ ಚುಕ್ಕೆಗೆ ನಾವು ಎಷ್ಟು ನಿಮಿಷ ಬೇಕಾದರೂ ಕ್ಯಾಮೆರಾ ತೆರೆದಿಡಬಹುದು. ಬೆಳಕು ಕಡಿಮೆ ಇರುವ ಬಡ ಯಂತ್ರಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈಗ ಯಂತ್ರ. ಲೇಸರ್ 532 ನ್ಯಾನೊಮೀಟರಿನದು, 50 ಮಿಲಿವ್ಯಾಟ್. ಕೈಯಲ್ಲಿ ಹಿಡಿಯುವ ಹಸಿರು ಪಾಯಿಂಟರ್ ಈ ಕೆಲಸಕ್ಕೆ ಬರುವುದಿಲ್ಲ, ಅದರ ಬಣ್ಣ ನಿಂತಲ್ಲಿ ನಿಲ್ಲುವುದಿಲ್ಲ. ಲೇಸರಿನ ಬಣ್ಣ 0.1 ನ್ಯಾನೊಮೀಟರ್ ಸರಿದರೂ ನಮ್ಮ ಗೆರೆಗಳು ಸುಮಾರು 3.5 ವೇವ್‌ನಂಬರ್ (ರಾಮನ್ ಗೆರೆಯ ಜಾಗ ಹೇಳುವ ಅಳತೆ) ಸರಿಯುತ್ತವೆ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಸೆಕೆ ಗೊತ್ತಲ್ಲ, ಮಧ್ಯಾಹ್ನ ಲ್ಯಾಬಿನೊಳಗೇ ಬೆವರು ಇಳಿಯುತ್ತದೆ. ಅದಕ್ಕೆ ಲೇಸರನ್ನು ದಪ್ಪ ಅಲ್ಯೂಮಿನಿಯಂ ತುಂಡಿಗೆ ಕಚ್ಚಿಸಿ, ಹಿಂದೆ ಕರೆಂಟಿನಿಂದ ತಂಪು ಮಾಡುವ ಒಂದು ಪೆಲ್ಟಿಯರ್ ತಟ್ಟೆ ಮತ್ತು ಫ್ಯಾನ್ ಹಾಕಿ, ಉಷ್ಣತೆ ಒಂದೇ ಮಟ್ಟದಲ್ಲಿ ಇರುವ ಹಾಗೆ ಮಾಡಿದ್ದೇವೆ. ಹಸಿರು ಲೇಸರುಗಳು ಒಳಗೆ 808 ಮತ್ತು 1064 ನ್ಯಾನೊಮೀಟರಿನ ಕಾಣದ ಬೆಳಕಿನಿಂದ ಹುಟ್ಟುತ್ತವೆ, ಅದು ಹೊರಗೂ ಸೋರುತ್ತದೆ. ಮುಂದೆ ಅದನ್ನು ತಡೆಯುವ ಒಂದು ಐಆರ್ (ಇನ್‌ಫ್ರಾರೆಡ್) ಫಿಲ್ಟರ್ ಹಾಕಲೇಬೇಕು.

50 ಮಿಲಿವ್ಯಾಟ್ ಅಂದರೆ ಕಣ್ಣಿಗೆ ಕುತ್ತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಡೀ ಯಂತ್ರ ಮುಚ್ಚಿದ ಪೆಟ್ಟಿಗೆಯೊಳಗಿದೆ. ಮುಚ್ಚಳಕ್ಕೆ ಫ್ರಿಜ್ಜಿನ ಬಾಗಿಲಿಗೆ ಇರುವಂಥ ಒತ್ತುವ ಸ್ವಿಚ್ ಇದೆ, ಆದರೆ ಕೆಲಸ ಉಲ್ಟಾ: ಮುಚ್ಚಳ ಎತ್ತಿದ ಕೂಡಲೇ ಲೇಸರಿನ ಕರೆಂಟ್ ಕಟ್. ಹೊಂದಿಸುವಾಗ 532ಕ್ಕೆಂದೇ ಮಾಡಿದ ಕನ್ನಡಕ ಹಾಕಿಕೊಳ್ಳದೆ ಯಾರೂ ಹತ್ತಿರ ಬರುವ ಹಾಗಿಲ್ಲ. ನಮ್ಮ ಅಟೆಂಡರ್ ಕಾಕಾ ಈ ನಿಯಮವನ್ನು ನನಗಿಂತ ಬಿಗಿಯಾಗಿ ಪಾಲಿಸುತ್ತಾರೆ.

ಬೆಳಕಿನ ದಾರಿ ಹೀಗಿದೆ. ಲೇಸರ್ ಒಂದು ಡೈಕ್ರೋಯಿಕ್ ಕನ್ನಡಿಗೆ (ಕೆಲವು ಬಣ್ಣ ತಿರುಗಿಸಿ ಉಳಿದದ್ದನ್ನು ದಾಟಲು ಬಿಡುವಂಥದ್ದು) ಬಡಿದು ಕೆಳಗೆ ತಿರುಗಿ, ಹಳೆಯ ಮೈಕ್ರೋಸ್ಕೋಪಿನ 10 ಪಟ್ಟಿನ ಆಬ್ಜೆಕ್ಟಿವ್ ಮೂಲಕ ಪ್ಲೇಟಿನ ಮೇಲೆ ಬೀಳುತ್ತದೆ. ಚದುರಿದ ಬೆಳಕು ಅದೇ ಆಬ್ಜೆಕ್ಟಿವ್‌ನಿಂದ ಮೇಲೆ ಬಂದು, ಕನ್ನಡಿ ದಾಟಿ, 550 ನ್ಯಾನೊಮೀಟರಿನ ಲಾಂಗ್‌ಪಾಸ್ ಫಿಲ್ಟರಿಗೆ ಬರುತ್ತದೆ. ಲೇಸರಿನ ಹಸಿರು ಅಲ್ಲಿ ನಿಲ್ಲುತ್ತದೆ, ಅದಕ್ಕಿಂತ ಉದ್ದ ತರಂಗದ್ದು ಮುಂದೆ ಹೋಗುತ್ತದೆ. ಆಮೇಲೆ 50 ಮೈಕ್ರಾನಿನ ಸೀಳು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ, ಮಿಲಿಮೀಟರಿಗೆ 1200 ಗೆರೆಯ ಗ್ರೇಟಿಂಗ್, 100 ಮಿಲಿಮೀಟರಿನ ಲೆನ್ಸು, ಕೊನೆಗೆ ಆಕಾಶದ ಫೋಟೊ ತೆಗೆಯುವವರು ಬಳಸುವ ಕಪ್ಪುಬಿಳುಪು ಕ್ಯಾಮೆರಾ. ಅದರ ಸೆನ್ಸರ್ ಸುಮಾರು 11 ಮಿಲಿಮೀಟರ್ ಅಗಲ. ಲೆಕ್ಕ ಹಾಕಿದರೆ 550ರಿಂದ ಹೆಚ್ಚುಕಡಿಮೆ 638 ನ್ಯಾನೊಮೀಟರ್ ಒಂದೇ ಸಲ ಹಿಡಿಯುತ್ತದೆ. ಎರಡು ಗೆರೆ ಸುಮಾರು 12 ವೇವ್‌ನಂಬರ್ ದೂರ ಇದ್ದರೆ ಬೇರೆಬೇರೆ ಕಾಣುತ್ತವೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

550ರ ಫಿಲ್ಟರಿನ ಆಯ್ಕೆ ಬಗ್ಗೆ ಒಂದು ಮಾತು. ಲೇಸರಿಗೆ ಇನ್ನೂ ಹತ್ತಿರ ಕತ್ತರಿಸುವ ಫಿಲ್ಟರುಗಳು ಇವೆ, ಬೆಲೆ ಜಾಸ್ತಿ. 550 ಹಾಕಿದರೆ 615 ವೇವ್‌ನಂಬರಿಗಿಂತ ಕೆಳಗಿನದ್ದೆಲ್ಲ ಕಳೆದುಕೊಳ್ಳುತ್ತೇವೆ. ಲೆಡ್ ಕ್ರೋಮೇಟಿನ 360ರ ಸುತ್ತಲಿನ ಗೆರೆಗಳು ಹೋದವು. ಆದರೆ ಅದರ ಎಲ್ಲಕ್ಕಿಂತ ಜೋರಾದ ಗೆರೆ 840ರ ಹತ್ತಿರ ಇದೆ, ನಮ್ಮ ಕ್ಯಾಮೆರಾದಲ್ಲಿ ಅದು 557 ನ್ಯಾನೊಮೀಟರಿಗೆ ಬೀಳುತ್ತದೆ. ಅಜೋ ಬಣ್ಣಗಳ ಮುಖ್ಯ ಗೆರೆಗಳು 1100ರಿಂದ 1600ರ ನಡುವೆ. ಹಾಗಾಗಿ ಅಗ್ಗದ ಫಿಲ್ಟರೇ ನಮಗೆ ಸರಿಹೋಯಿತು. ಏನು ಹುಡುಕುತ್ತೇವೆ ಅಂತ ಮೊದಲೇ ಗೊತ್ತಿದ್ದರೆ ಹಣ ಎಲ್ಲಿ ಉಳಿಸಬಹುದು ಅನ್ನುವುದೂ ಗೊತ್ತಾಗುತ್ತದೆ.

ಇದೆಲ್ಲ ಕೂರುವ ಅಲ್ಯೂಮಿನಿಯಂ ಬ್ಲಾಕನ್ನು ಬೆಳಗಾವಿಯ ಉದ್ಯಮಬಾಗಿನಲ್ಲಿ ಮಾಡಿಸಿದೆವು. ಅಲ್ಲಿ ಫೌಂಡ್ರಿ, ಲೇತು, ಸಿಎನ್‌ಸಿ ಶೆಡ್ಡುಗಳಿಗೆ ಬರವಿಲ್ಲ. ಹೈಡ್ರಾಲಿಕ್ ಬಿಡಿಭಾಗ ಮಾಡುವ ಒಬ್ಬ ಮಿಸ್ತ್ರಿ ನಮ್ಮ ಚಿತ್ರ ನೋಡಿ, ಲೆನ್ಸ್ ಕೂರುವ ತೂತುಗಳನ್ನೆಲ್ಲ ಒಂದೇ ಸಲ ಕಚ್ಚಿಸಿ ಕೊರೆದುಕೊಟ್ಟರು. ಕೆಲಸದ ನಡುವೆ ಬಿಚ್ಚಿ ಮತ್ತೆ ಕಟ್ಟಿದರೆ ಸೆಂಟರ್ ತಪ್ಪುತ್ತದೆ ಅನ್ನುವುದು ಅವರ ಮಾತು. ಅದರಿಂದಾಗಿ ನಮಗೆ ಹೊಂದಾಣಿಕೆಯ ಅರ್ಧ ಕೆಲಸ ಉಳಿಯಿತು. 3ಡಿ ಪ್ರಿಂಟರಿನ ಪ್ಲಾಸ್ಟಿಕ್ಕಿನಲ್ಲೂ ಇಂಥದ್ದನ್ನು ಮಾಡುತ್ತಾರೆ, ಆದರೆ ನಮ್ಮ ಬೇಸಿಗೆಗೆ ಅದು ಬಾಗುತ್ತದೆ ಅನ್ನುವ ಭಯ ನನಗಿತ್ತು. ಒಳಮೈಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿದ್ದೇವೆ.

ಪ್ಲೇಟನ್ನು ಸರಿಸಲು ಹಳೆಯ ಪ್ರಿಂಟರಿನ ಗಾಡಿ ಮತ್ತು ಅದರ ಸ್ಟೆಪ್ಪರ್ ಮೋಟರ್. 10 ಸೆಂಟಿಮೀಟರ್ ಉದ್ದದ ಪ್ಲೇಟು ಅರ್ಧ ಮಿಲಿಮೀಟರಿನಂತೆ ಆಬ್ಜೆಕ್ಟಿವ್ ಕೆಳಗೆ ಸರಿಯುತ್ತದೆ, ಪ್ರತಿ ಹೆಜ್ಜೆಗೂ ಒಂದು ಸ್ಪೆಕ್ಟ್ರಮ್, ಅಂದರೆ ಅಲ್ಲಿನ ಗೆರೆಗಳ ಚಿತ್ರ. ಕೊನೆಗೆ ಒಂದು ನಕ್ಷೆ ಬರುತ್ತದೆ: ಒಂದು ಕಡೆ ಪ್ಲೇಟಿನ ಎತ್ತರ, ಇನ್ನೊಂದು ಕಡೆ ರಾಮನ್ ಗೆರೆ. ಕಣ್ಣಿಗೆ ಕಾಣದ ಚುಕ್ಕೆಯೂ ಅದರಲ್ಲಿ ಸಿಕ್ಕಿಬೀಳುತ್ತದೆ.

ಯಾವ ಪಿಕ್ಸೆಲ್ ಎಷ್ಟು ನ್ಯಾನೊಮೀಟರ್ ಅಂತ ಗೊತ್ತುಮಾಡಲು ವಿಶೇಷ ದೀಪ ಬೇಕಿಲ್ಲ. ಎಲೆಕ್ಟ್ರೀಷಿಯನ್ ಜೇಬಿನಲ್ಲಿರುವ ಟೆಸ್ಟರ್ ಸಾಕು. ಅದರೊಳಗೆ ಉರಿಯುವುದು ನಿಯಾನ್ ಬಲ್ಬು. ಅಂಥದ್ದೇ ನಿಯಾನ್ ಇಂಡಿಕೇಟರ್ ಒಂದನ್ನು ಸ್ವಿಚ್‌ಬೋರ್ಡಿನಿಂದ ತೆಗೆದು ಪೆಟ್ಟಿಗೆಯೊಳಗೆ ಕೂರಿಸಿದ್ದೇವೆ. 585.25, 614.31, 633.44 ನ್ಯಾನೊಮೀಟರಿನ ಗೆರೆಗಳು ಚೊಕ್ಕವಾಗಿ ಬರುತ್ತವೆ. 550ರಿಂದ 585ರ ನಡುವೆ ನಿಯಾನಿನ ಜೋರು ಗೆರೆ ಇಲ್ಲ, ಆ ಭಾಗಕ್ಕೆ ಪ್ಯಾರಾಸಿಟಮಾಲ್ ಮಾತ್ರೆ. ಅದರ 857.9, 1168.5, 1236.8, 1323.9, 1648.4ರ ಗೆರೆಗಳು ರಾಮನ್ ಕೆಲಸದಲ್ಲಿ ಅಳತೆಗೋಲಾಗಿ ಒಪ್ಪಿತವಾದವು. ಪ್ರತಿ ಪ್ಲೇಟಿನ ಮುಂಚೆ ಮತ್ತು ನಂತರ ಮಾತ್ರೆಯ ಸ್ಪೆಕ್ಟ್ರಮ್ ತೆಗೆಯುತ್ತೇವೆ. ಎರಡರ ನಡುವೆ ಗೆರೆ ಸರಿದಿದ್ದರೆ ಲೇಸರ್ ಅಲುಗಿದೆ ಅಂತ ಅರ್ಥ, ಆ ಪ್ಲೇಟಿನ ಲೆಕ್ಕ ನಂಬುವುದಿಲ್ಲ.

ಪ್ಲೇಟಿನ ಕಡೆ ಬರೋಣ. ಇದರಲ್ಲಿ ಕಲಿತದ್ದೇ ಹೆಚ್ಚು.

ಯುವಿ ಬೆಳಕಿಗೆ ಹೊಳೆಯುವ ಪುಡಿ ಸೇರಿಸಿದ ಪ್ಲೇಟುಗಳು ಎಲ್ಲ ಕಡೆ ಸಿಗುತ್ತವೆ, ಎಫ್‌254 ಅಂತ ಬರೆದಿರುತ್ತದೆ. ನಾವು ಅದಿಲ್ಲದ ಬರೀ ಸಿಲಿಕಾ ಪ್ಲೇಟು ತರಿಸಿದೆವು. ಹೊಳಪಿನ ವಿರುದ್ಧವೇ ಹೋರಾಡುತ್ತಿರುವಾಗ ಇನ್ನೊಂದು ಹೊಳಪು ಯಾಕೆ? ಬಳಸುವ ಮುಂಚೆ ಪ್ಲೇಟನ್ನು ಬರೀ ಮೆಥನಾಲಿನಲ್ಲಿ ಒಮ್ಮೆ ಪೂರ್ತಿ ಓಡಿಸಿ, 105 ಡಿಗ್ರಿಯ ಓವನ್ನಿನಲ್ಲಿ ಅರ್ಧ ಗಂಟೆ ಒಣಗಿಸುತ್ತೇವೆ. ಕಾರ್ಖಾನೆಯಿಂದ ಬಂದ ಜಿಡ್ಡು ಮೇಲಿನ ಅಂಚಿಗೆ ಹೋಗಿ ಕೂರುತ್ತದೆ.

ಪ್ರತಿ ಪುಡಿಗೂ ಎರಡು ದಾರಿ ಬೇಕು, ಯಾಕೆಂದರೆ ನಮ್ಮ ಇಬ್ಬರು ಕಳ್ಳರ ಸ್ವಭಾವ ಪೂರಾ ಬೇರೆ. ಮೆಟಾನಿಲ್ ಯೆಲ್ಲೊ ಮೆಥನಾಲಿನಲ್ಲಿ ಕರಗುತ್ತದೆ. ಲೆಡ್ ಕ್ರೋಮೇಟ್ ಯಾವ ಸಾಧಾರಣ ದ್ರಾವಕದಲ್ಲೂ ಕರಗುವುದಿಲ್ಲ. ಪುಡಿಯನ್ನು ಮೆಥನಾಲಿನಲ್ಲಿ ಕಲಕಿ ಸೋಸಿ, ಸೋಸಿದ ರಸವನ್ನಷ್ಟೇ ಪ್ಲೇಟಿಗೆ ಹಾಕಿದರೆ ಲೆಡ್ ಕ್ರೋಮೇಟ್ ಫಿಲ್ಟರ್ ಪೇಪರಿನಲ್ಲೇ ಉಳಿದು ಕಸದ ಬುಟ್ಟಿಗೆ ಹೋಗುತ್ತದೆ.

ಅದನ್ನು ಹಿಡಿಯಲು ಅದರ ತೂಕವನ್ನೇ ಬಳಸಿದೆವು. ಲೆಡ್ ಕ್ರೋಮೇಟಿನ ಸಾಂದ್ರತೆ ನೀರಿನ ಸುಮಾರು 6 ಪಟ್ಟು. ಕ್ಲೋರೋಫಾರ್ಮಿನದು ಸುಮಾರು 1.5 ಪಟ್ಟು. ಅರಿಶಿನ ಪುಡಿಯನ್ನು ಕ್ಲೋರೋಫಾರ್ಮಿನಲ್ಲಿ ಕುಲುಕಿ ಬಿಟ್ಟರೆ ಗಿಡದ ಭಾಗ ಬಹುಪಾಲು ಮೇಲೆ ತೇಲುತ್ತದೆ, ಮಣ್ಣು, ಮರಳು ಮತ್ತು ಲೆಡ್ ಕ್ರೋಮೇಟ್ ತಳಕ್ಕೆ ಇಳಿಯುತ್ತವೆ. ಇದನ್ನು ಫ್ಯೂಮ್ ಹುಡ್‌ನೊಳಗೇ ಮಾಡಬೇಕು, ಕೈಗವಸು ಬೇಕೇ ಬೇಕು. ಬೆರಳು ಗಾತ್ರದ ಟ್ಯೂಬಿನ ತುದಿಯಲ್ಲಿ ಒಂದು ಚಿಟಿಕೆ ಗಸಿ ನಿಲ್ಲುತ್ತದೆ. ಬರೀ ಅರಿಶಿನವಾದರೆ ಆ ಗಸಿ ಮಣ್ಣಿನ ಬಣ್ಣ. ನಾವೇ ಲೆಡ್ ಕ್ರೋಮೇಟ್ ಬೆರೆಸಿದ ಮಾದರಿಯಲ್ಲಿ, ಕಂದು ಗಸಿಯ ಅಡಿಯಲ್ಲಿ ಉಗುರಿನ ಅಂಚಿನಷ್ಟು ತೆಳುವಾದ ಹಳದಿ ಗೆರೆ ಬೇರೆಯಾಗಿ ಕೂತಿತ್ತು. ಟ್ಯೂಬನ್ನು ಓರೆ ಮಾಡಿದರೂ ಅದು ಮೇಲಿನದರ ಜೊತೆ ಜಾರಲಿಲ್ಲ. ಆ ಗಸಿಯನ್ನು ಸಣ್ಣ ಗಾಜಿನ ನಳಿಕೆಯಿಂದ (ಕ್ಯಾಪಿಲರಿ) ಹೀರಿ ಪ್ಲೇಟಿನ ಎರಡನೇ ಸಾಲಿನಲ್ಲಿ ಇಡುತ್ತೇವೆ. ಮೊದಲ ಸಾಲಿನಲ್ಲಿ ಮೆಥನಾಲಿನ ಸೋಸಿದ ರಸ.

ಓಟ ಎರಡು ಸುತ್ತು. ಮೊದಲು ಕ್ಲೋರೋಫಾರ್ಮ್ 95 ಭಾಗ, ಮೆಥನಾಲ್ 5 ಭಾಗ. ಅರಿಶಿನದ ಮೂರು ಹಳದಿಗಳು ಇದರಲ್ಲಿ ಬಿಡಿಬಿಡಿಯಾಗಿ ಏರುತ್ತವೆ: ಎಲ್ಲಕ್ಕಿಂತ ಮೇಲೆ ಕರ್ಕ್ಯುಮಿನ್, ಕೆಳಗೆ ಡಿಮೆಥಾಕ್ಸಿ, ಅದಕ್ಕೂ ಕೆಳಗೆ ಬಿಸ್‌ಡಿಮೆಥಾಕ್ಸಿ ಕರ್ಕ್ಯುಮಿನ್. ನೋಟು ನೋಡುವ ಯುವಿ ಲೈಟಿನ ಕೆಳಗೆ ಮೂರೂ ಹಸಿರು-ಹಳದಿಯಾಗಿ ಹೊಳೆಯುವುದು ನೋಡಲು ಬಹಳ ಚೆಂದ, ವಿದ್ಯಾರ್ಥಿಗಳು ಮೊಬೈಲ್ ತೆಗೆಯದೆ ಇರುವುದಿಲ್ಲ. ಮೆಟಾನಿಲ್ ಯೆಲ್ಲೊಗೆ ಸಲ್ಫೋನೇಟ್ ಗುಂಪಿನ ವಿದ್ಯುದಂಶ ಇರುವುದರಿಂದ ಅದು ಸಿಲಿಕಾಕ್ಕೆ ಅಂಟಿಕೊಂಡು ಕೆಳಗೇ ಇರುತ್ತದೆ. ಪ್ಲೇಟು ಒಣಗಿಸಿ, ಎರಡನೇ ಸುತ್ತು ಬ್ಯೂಟನಾಲ್, ಅಸಿಟಿಕ್ ಆಸಿಡ್, ನೀರು, 4:1:1ರ ಲೆಕ್ಕದಲ್ಲಿ, ಅರ್ಧ ಎತ್ತರಕ್ಕೆ ಮಾತ್ರ. ಆಗ ಮೆಟಾನಿಲ್ ಎದ್ದು ಹೊರಡುತ್ತದೆ. ಲೆಡ್ ಕ್ರೋಮೇಟ್ ಅಸಿಟಿಕ್ ಆಸಿಡ್‌ನಲ್ಲೂ ಕರಗದೆ, ಇಟ್ಟ ಜಾಗದಲ್ಲೇ ಇರುತ್ತದೆ.

ಟಿಎಲ್‌ಸಿಯಲ್ಲಿ ಕದಲದೆ ಉಳಿದ ಚುಕ್ಕೆಯನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಬೇಸ್‌ಲೈನ್‌ನಲ್ಲಿ ಏನೋ ಉಳಿದಿದೆ" ಅಂತ ಬರೆದು ಮುಂದೆ ಹೋಗುತ್ತಾರೆ. ನಮ್ಮ ಯಂತ್ರದಲ್ಲಿ ಅದೇ ಮುಖ್ಯ ಜಾಗ. ದ್ರಾವಕ ಎರಡು ಸಲ ಹರಿದುಹೋಗುವಾಗ ಗಸಿಗೆ ಅಂಟಿದ್ದ ಕರ್ಕ್ಯುಮಿನ್ನನ್ನೆಲ್ಲ ತೊಳೆದು ಮೇಲಕ್ಕೆ ಒಯ್ದಿರುತ್ತದೆ. ಹೊಳೆಯುವುದು ಹೋಯಿತು, ಹೊಳೆಯದ್ದು ಉಳಿಯಿತು. ಅಲ್ಲಿ ಲೇಸರ್ ಬಿಟ್ಟರೆ, ಬೆರೆಸಿದ ಮಾದರಿಯಲ್ಲಿ 840ರ ಗೆರೆ ಸೂಜಿಯಂತೆ ಎದ್ದು ನಿಲ್ಲುತ್ತದೆ. ಮಾವನ ಹೊಲದ ಅರಿಶಿನವನ್ನು ನಾವೇ ಒಣಗಿಸಿ ಕುಟ್ಟಿದ ಪುಡಿಯಲ್ಲಿ ಆ ಜಾಗ ಸಮತಟ್ಟು. ಬೇರೆ ಕ್ರೋಮೇಟುಗಳ ಗೆರೆ ಬೇರೆ ಜಾಗದಲ್ಲಿ ಬರುವುದರಿಂದ ಗೊಂದಲ ಕಡಿಮೆ. ಲೇಸರಿನ ಶಕ್ತಿಯನ್ನು ಮಾತ್ರ ಪ್ಲೇಟಿನ ಮೇಲೆ 5 ಮಿಲಿವ್ಯಾಟಿಗೆ ಇಳಿಸಿದ್ದೇವೆ. ಅದಕ್ಕಿಂತ ಜಾಸ್ತಿ ಆದರೆ ಗಸಿಯಲ್ಲಿ ಉಳಿದ ಪಿಷ್ಟದ ಕಣಗಳು ಕರಕಲಾಗಿ, ಅಗಲವಾದ ಕರಿ ಇಂಗಾಲದ ಗುಡ್ಡ ಎದ್ದುಬಿಡುತ್ತದೆ.

ಮೆಟಾನಿಲ್ ಅಷ್ಟು ಸುಲಭವಾಗಿ ಬಗ್ಗಲಿಲ್ಲ. ನೂರಕ್ಕೆ ಒಂದು ಪಾಲು ಬೆರೆಸಿದಾಗ 1406ರ ಸುತ್ತ ಗೆರೆ ಕಂಡಿತು. ಸಾವಿರಕ್ಕೆ ಒಂದು ಪಾಲಿಗೆ ಇಳಿಸಿದಾಗ ಏನೂ ಇಲ್ಲ. ಇಲ್ಲಿ ಬೆಳ್ಳಿ ಬೇಕಾಯಿತು. ಒರಟಾದ ಬೆಳ್ಳಿಯ ಮೇಲೆ ಕೂತ ಅಣುವಿನ ರಾಮನ್ ಬೆಳಕು ಎಷ್ಟೋ ಪಟ್ಟು ಹೆಚ್ಚುತ್ತದೆ ಅನ್ನುವುದು 1974ರಲ್ಲಿ ಇಂಗ್ಲೆಂಡಿನಲ್ಲಿ ಫ್ಲೈಷ್‌ಮನ್ ಮತ್ತು ಜೊತೆಗಾರರ ಪ್ರಯೋಗದಲ್ಲಿ ಮೊದಲು ಕಂಡದ್ದು. ನಮಗೆ ಬೇಕಾದ್ದು ನೀರಿನಲ್ಲಿ ತೇಲುವ ಬೆಳ್ಳಿಯ ಅತಿಸಣ್ಣ ಕಣಗಳು. 1982ರಲ್ಲಿ ಲೀ ಮತ್ತು ಮೈಸೆಲ್ ಹೇಳಿಕೊಟ್ಟ ದಾರಿ ಇವತ್ತಿಗೂ ಎಲ್ಲರದ್ದು: 100 ಮಿಲಿಲೀಟರ್ ನೀರಿನಲ್ಲಿ 18 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿ ಕುದಿಸಿ, ಶೇಕಡಾ 1ರ ಸೋಡಿಯಂ ಸಿಟ್ರೇಟ್ 2 ಮಿಲಿಲೀಟರ್ ಹನಿಹನಿಯಾಗಿ ಹಾಕಿ, ಒಂದು ಗಂಟೆ ಕುದಿಸಬೇಕು. ತಿಳಿ ನೀರು ಮೊದಲು ಹಳದಿಗೆ ತಿರುಗಿ, ಆಮೇಲೆ ಹಸಿರು ಮಿಶ್ರಿತ ಬೂದು ಹಾಲಿನಂತಾಗುತ್ತದೆ.

ಇದರಲ್ಲಿ ನೀರೇ ದೊಡ್ಡ ಸಮಸ್ಯೆ. ನಮ್ಮ ಕಡೆ ಬೋರಿನ ನೀರು ಎಂಥ ಗಡಸು ಅಂತ ಹೇಳಬೇಕಿಲ್ಲ. ಬ್ಯಾಟರಿ ನೀರು, ಆರ್‌ಓ ನೀರು ಅಂತ ಸಿಗುವುದರಲ್ಲೂ ಒಂದು ಕ್ಯಾನ್ ಇದ್ದ ಹಾಗೆ ಇನ್ನೊಂದು ಇರುವುದಿಲ್ಲ. ಒಂದು ಗುಟುಕು ನೀರಿಗೆ ಸಿಲ್ವರ್ ನೈಟ್ರೇಟಿನ ಒಂದು ಹನಿ ಹಾಕಿ, ಕರಿ ಹಾಳೆಯ ಮುಂದೆ ಹಿಡಿಯಿರಿ. ಸ್ವಲ್ಪ ಮಬ್ಬು ಬಂದರೂ ಕ್ಲೋರೈಡ್ ಇದೆ, ಆ ನೀರು ಬೇಡ. ನಾವು ಗಾಜಿನ ಡಿಸ್ಟಿಲೇಷನ್ ಸೆಟ್ಟಿನಲ್ಲಿ ಎರಡು ಸಲ ಬಟ್ಟಿ ಇಳಿಸಿದ ನೀರನ್ನೇ ಬಳಸುತ್ತೇವೆ. ಗಾಜಿನ ಪಾತ್ರೆಯನ್ನು ನೈಟ್ರಿಕ್ ಆಸಿಡ್‌ನಲ್ಲಿ ತೊಳೆದು, ಇದೇ ನೀರಿನಲ್ಲಿ ಜಾಲಿಸುತ್ತೇವೆ.

ಬೆಳ್ಳಿ ಕಣಗಳಿಗೆ ಸಿಟ್ರೇಟಿನಿಂದಾಗಿ ಋಣ ವಿದ್ಯುದಂಶ, ಮೆಟಾನಿಲ್ಲಿಗೂ ಋಣ ವಿದ್ಯುದಂಶ. ಒಂದನ್ನೊಂದು ದೂಡುತ್ತವೆ. ಸುಮ್ನೆ ಬೆಳ್ಳಿ ಹನಿ ಹಾಕಿದರೆ ಗೆರೆ ಬೆಳೆಯಲೇ ಇಲ್ಲ. ಆಗ ಹಳೆಯ ಆಸಿಡ್ ಪರೀಕ್ಷೆ ಕೈಹಿಡಿಯಿತು. ಚುಕ್ಕೆಯ ಮೇಲೆ ಮೊದಲು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನ ಒಂದು ಪುಟ್ಟ ಹನಿ, ಆಮೇಲೆ ಬೆಳ್ಳಿ. ಆಸಿಡ್ ಎರಡು ಕೆಲಸ ಮಾಡುತ್ತದೆ. ಮೆಟಾನಿಲ್ ಪ್ರೋಟಾನ್ ಹಿಡಿದು ಕೆನ್ನೇರಳೆಗೆ ತಿರುಗುತ್ತದೆ, ಅಂದರೆ ಈಗ ಅದು ಹಸಿರು ಬೆಳಕನ್ನೇ ಜೋರಾಗಿ ಹೀರುತ್ತದೆ. ನಮ್ಮ ಲೇಸರ್ ಹಸಿರಿನದೇ. ಅಣು ಹೀರುವ ಬಣ್ಣವೂ ಲೇಸರಿನ ಬಣ್ಣವೂ ಹೊಂದಿಕೊಂಡರೆ ರಾಮನ್ ಬೆಳಕು ತಾನಾಗಿ ಹೆಚ್ಚುತ್ತದೆ, ಇದಕ್ಕೆ ರೆಸೊನೆನ್ಸ್ ರಾಮನ್ ಅನ್ನುತ್ತಾರೆ. ಜೊತೆಗೆ ಆಸಿಡ್‌ನಲ್ಲಿರುವ ಕ್ಲೋರೈಡ್ ಬೆಳ್ಳಿ ಕಣಗಳನ್ನು ಗುಂಪುಗೂಡಿಸುತ್ತದೆ, ಕಣಗಳ ನಡುವಿನ ಸಂದಿಗಳಲ್ಲೇ ಬೆಳಕು ಅತಿ ಹೆಚ್ಚು ಬಲ ಪಡೆಯುವುದು. ಸಾವಿರಕ್ಕೆ ಒಂದು ಪಾಲಿನ ಚುಕ್ಕೆ ಆ ಸಂಜೆ ಪರದೆಯ ಮೇಲೆ ಗೆರೆಗೆರೆಯಾಗಿ ಎದ್ದಿತು. ಎಷ್ಟು ಖುಷಿಯಾಯಿತು ಅಂದರೆ, ಕಾಕಾ ಲ್ಯಾಬಿಗೆ ಬೀಗ ಹಾಕಲು ಬಂದವರು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತರು. "ಹಂಗಾದ್ರ ಅಂಗಡಿ ಪುಡಿನೂ ಹಚ್ಚಿ ನೋಡ್ರಿ ಸರ," ಅಂದರು.

ಒಂದು ಎಚ್ಚರ. ಆಸಿಡ್ ಹಾಕಿದ ಮೇಲೆ ಅಣುವಿನ ರೂಪ ಬದಲಾಗುವುದರಿಂದ ಗೆರೆಗಳ ಜಾಗವೂ ಬದಲಾಗುತ್ತದೆ. ಪುಸ್ತಕದಲ್ಲಿರುವ ಮಾಮೂಲಿ ಮೆಟಾನಿಲ್ ಸ್ಪೆಕ್ಟ್ರಮ್ ಜೊತೆ ಹೋಲಿಸಿದರೆ ತಾಳೆ ಆಗುವುದಿಲ್ಲ. ಅದೇ ಪ್ಲೇಟಿನ ಮೂರನೇ ಸಾಲಿನಲ್ಲಿ ಶುದ್ಧ ಮೆಟಾನಿಲ್ ಓಡಿಸಿ, ಅದಕ್ಕೂ ಅದೇ ಆಸಿಡ್, ಅದೇ ಬೆಳ್ಳಿ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಏರಿದ ಎತ್ತರವೂ ಹೊಂದಬೇಕು, ಗೆರೆಗಳೂ ಹೊಂದಬೇಕು. ಎರಡೂ ಹೊಂದಿದರೆ ಮಾತ್ರ ನಾವು ಹೆಸರು ಬರೆಯುತ್ತೇವೆ. ಬೆಳ್ಳಿ ಹಾಕುವ ಮುಂಚೆಯೇ ಲೆಡ್ ಕ್ರೋಮೇಟಿನ ಸಾಲನ್ನು ನೋಡಿ ಮುಗಿಸಿರಬೇಕು, ಈ ಕ್ರಮ ತಪ್ಪಬಾರದು.

ಬೆಳ್ಳಿಯ ಇನ್ನೊಂದು ತಲೆನೋವು, ಒಂದು ಜಾಗದಲ್ಲಿ ಜೋರು ಬೆಳಕು, ಕೂದಲೆಳೆಯಷ್ಟು ಪಕ್ಕದಲ್ಲಿ ಏನೂ ಇಲ್ಲ. ಅದಕ್ಕೆ ಕ್ಯಾಮೆರಾ ತೆರೆದಿರುವಷ್ಟು ಹೊತ್ತು ಪ್ರಿಂಟರಿನ ಗಾಡಿಯನ್ನು ಒಂದು ಮಿಲಿಮೀಟರಿನೊಳಗೆ ಹಿಂದೆಮುಂದೆ ಆಡಿಸುತ್ತೇವೆ. ಸರಾಸರಿ ತಾನಾಗಿ ಆಗುತ್ತದೆ, ಒಂದೇ ಬಿಂದು ಸುಡುವುದೂ ತಪ್ಪುತ್ತದೆ. ಪ್ರತಿ ಫ್ರೇಮ್ 30 ಸೆಕೆಂಡಿನದು. ಹಲವು ಫ್ರೇಮ್ ತೆಗೆದು ಮಧ್ಯದ ಬೆಲೆ ಹಿಡಿದರೆ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಚುಚ್ಚು ಗುರುತುಗಳು ಮಾಯವಾಗುತ್ತವೆ. ಸೆಕೆಗೆ ಕ್ಯಾಮೆರಾ ತನ್ನಷ್ಟಕ್ಕೆ ಮಿನುಗುವುದನ್ನು ಕಳೆಯಲು ಲೇಸರ್ ಆರಿಸಿ ಅಷ್ಟೇ ಹೊತ್ತಿನ ಕತ್ತಲ ಫ್ರೇಮ್ ಬೇಕು. ಕರೆಂಟ್ ಹೋಗಿಬರುವುದು ಇದ್ದದ್ದೇ, ಲೇಸರ್ ಮತ್ತು ಪೆಲ್ಟಿಯರ್ ಎರಡನ್ನೂ ಯುಪಿಎಸ್ ಮೇಲೆ ಹಾಕಿದ್ದೇವೆ.

ಅಂಗಡಿ ಪುಡಿಗಳ ಬಗ್ಗೆ ಎಲ್ಲರಿಗೂ ಕುತೂಹಲ. ಕೆಲವನ್ನು ಹಾಕಿ ನೋಡುತ್ತಿದ್ದೇವೆ. ಯಾವ ಅಂಗಡಿ, ಯಾವ ಪ್ಯಾಕೆಟ್ ಅನ್ನುವುದನ್ನು ನಾನು ಎಲ್ಲಿಯೂ ಹೇಳುವುದಿಲ್ಲ. ನಮ್ಮದು ಮಾನ್ಯತೆ ಪಡೆದ ಲ್ಯಾಬ್ ಅಲ್ಲ. ಪ್ಲೇಟಿನ ಮೇಲೆ ಅನುಮಾನ ಬಂದ ಪುಡಿಯನ್ನು ಮಾನ್ಯತೆ ಇರುವ ಆಹಾರ ಪರೀಕ್ಷಾ ಲ್ಯಾಬಿಗೆ ಕಳಿಸಿ ಸೀಸದ ಅಳತೆ ಮಾಡಿಸಬೇಕು, ಅಲ್ಲಿನ ಅಂಕಿಗೆ ಮಾತ್ರ ಕಾನೂನಿನಲ್ಲಿ ಬೆಲೆ. ಆದರೆ ಸಿಕ್ಕಸಿಕ್ಕ ಪುಡಿಯನ್ನೆಲ್ಲ ಅಲ್ಲಿಗೆ ಕಳಿಸಲು ಯಾರ ಬಳಿ ದುಡ್ಡಿದೆ? ಯಾವುದನ್ನು ಕಳಿಸಬೇಕು ಅಂತ ಆರಿಸಿಕೊಡುವುದು ನಮ್ಮ ಪ್ಲೇಟಿನ ಕೆಲಸ. ಅರಿಶಿನ ಪುಡಿಗೆ ಯಾವ ಕೃತಕ ಬಣ್ಣಕ್ಕೂ ನಮ್ಮ ದೇಶದಲ್ಲಿ ಅನುಮತಿ ಇಲ್ಲ, ಹಾಗಾಗಿ "ಎಷ್ಟಿದೆ" ಅನ್ನುವುದಕ್ಕಿಂತ "ಇದೆಯಾ" ಅನ್ನುವುದೇ ಮೊದಲ ಪ್ರಶ್ನೆ.

ಇನ್ನು ಮಾಡಬೇಕಾದ್ದು ಇದೆ. ಮಳೆಗಾಲದ ತೇವಕ್ಕೆ ಸಿಲಿಕಾ ನೀರು ಹೀರಿ ಚುಕ್ಕೆಗಳ ಎತ್ತರ ಬದಲಾಗುತ್ತದೆ, ಅದಕ್ಕೆ ಓಟದ ಜಾಡಿಯ ಪಕ್ಕ ಒಣ ಪೆಟ್ಟಿಗೆಯೊಂದನ್ನು ಮಾಡಿಸುತ್ತಿದ್ದೇವೆ. ಬೆಳ್ಳಿಯ ಹಾಲು ಎಷ್ಟು ವಾರ ಕೆಡದೆ ಇರುತ್ತದೆ ಅಂತ ಒಂದೇ ಶುದ್ಧ ಮಾದರಿಯಿಂದ ವಾರವಾರ ನೋಡಬೇಕು. ಹೊಸ ಬೆಳೆಯ ಅರಿಶಿನ ಡ್ರಮ್ಮಿಗೆ ಬೀಳುವ ಹೊತ್ತಿಗೆ, ಪಾಲಿಶ್‌ಗೆ ಮುಂಚಿನ ಕೊಂಬು ಮತ್ತು ಪಾಲಿಶ್ ಆದ ಕೊಂಬು ಎರಡನ್ನೂ ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕ ಓಡಿಸುವುದು ಮುಂದಿನ ಕೆಲಸ. ಮಾದರಿ ಕೊಡಲು ತೇರದಾಳ, ಮಹಾಲಿಂಗಪುರದ ಕೆಲವು ಬೆಳೆಗಾರರು ಈಗಲೇ ಒಪ್ಪಿದ್ದಾರೆ.